ಕೆಳದವಡೆಯ ನೆರಳು

ಹಲ್ಲುನೋವೆಂದು ವೈದ್ಯರಲ್ಲಿಗೆ ಹೋದವರನ್ನು ಈಗ ಅನೇಕ ಕಡೆ ಮೊದಲು ಒಂದು ಯಂತ್ರದ ಮುಂದೆ ನಿಲ್ಲಿಸುತ್ತಾರೆ. ನಿಮಗೂ ಈ ಅನುಭವ ಆಗಿದ್ದೀತು. ಓಲೆ, ಮೂಗುತಿ, ಕೊರಳ ಸರ, ಕನ್ನಡಕ ಎಲ್ಲವನ್ನೂ ಬಿಚ್ಚಿಡಬೇಕು. ಗದ್ದವನ್ನು ಒಂದು ತಟ್ಟೆಯ ಮೇಲಿಟ್ಟು, ಸಣ್ಣ ಕಡ್ಡಿಯೊಂದನ್ನು ಮುಂದಿನ ಹಲ್ಲುಗಳಿಂದ ಕಚ್ಚಬೇಕು. ಬೆನ್ನು ನೆಟ್ಟಗಿರಬೇಕು, ನಾಲಿಗೆ ಅಂಗುಳಕ್ಕೆ ಅಂಟಿರಬೇಕು, ಎಂಜಲು ನುಂಗಬಾರದು. ಹೋದ ವರ್ಷ ನನ್ನ ಬುದ್ಧಿಹಲ್ಲಿನ ಸಲುವಾಗಿ ಹೀಗೆ ನಿಂತಿದ್ದೆ. "ಸಾರ್, ನಾಲಿಗೆ ಮೇಲಕ್ಕೆ, ಅಂಗುಳಕ್ಕೆ" ಎಂದಳು ಅಲ್ಲಿದ್ದ ಹುಡುಗಿ. ಮೂವತ್ತು ವರ್ಷ ಮಕ್ಕಳಿಗೆ ತಾಲವ್ಯಾಕ್ಷರಗಳ ಉತ್ಪತ್ತಿಸ್ಥಾನವನ್ನು ಹೇಳಿಕೊಟ್ಟ ನನಗೆ ಅಂಗುಳ ಎಲ್ಲಿದೆಯೆಂದು ಹೇಳಿಕೊಡುವ ಕಾಲ ಬಂದಿತು! ಯಂತ್ರ ಅರ್ಧ ಸುತ್ತುವಷ್ಟರಲ್ಲಿ ನಾನು ಕೆಮ್ಮಿಬಿಟ್ಟೆ. ಚಿತ್ರ ಕೆಟ್ಟಿತು. ಮತ್ತೆ ನಿಲ್ಲಬೇಕಾಯಿತು.

ಈ ಕಟ್ಟುಪಾಡುಗಳೆಲ್ಲ ಏತಕ್ಕೆ ಎಂಬ ಕುತೂಹಲ ಅಂದಿನಿಂದ ನನ್ನನ್ನು ಹಿಡಿಯಿತು. ಸ್ವಲ್ಪ ಓದಿ ನೋಡಿದೆ. ಒಂದೊಂದು ನಿಯಮದ ಹಿಂದೆಯೂ ಒಬ್ಬೊಬ್ಬ ಮನುಷ್ಯನಿದ್ದಾನೆ. ಕೆಲವರಂತೂ ಅದಕ್ಕಾಗಿ ತೆತ್ತ ಬೆಲೆ ಸಣ್ಣದಲ್ಲ.

ಜರ್ಮನಿಯ ವ್ಯೂರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜನ್ ಎಂಬ ಪ್ರಾಧ್ಯಾಪಕನು 1895ರ ನವೆಂಬರ್ 8ರಂದು ಹೊಸ ಕಿರಣಗಳನ್ನು ಕಂಡನು. ಅವುಗಳ ಸ್ವರೂಪ ತಿಳಿಯದಾದುದರಿಂದ, ಗಣಿತದಲ್ಲಿ ಅಜ್ಞಾತ ಸಂಖ್ಯೆಗೆ ಇಡುವ 'ಎಕ್ಸ್' ಎಂಬ ಅಕ್ಷರವನ್ನೇ ಅವಕ್ಕೆ ಹೆಸರಾಗಿಟ್ಟನು. ನಮ್ಮವರು ಇದನ್ನು 'ಕ್ಷ-ಕಿರಣ' ಎಂದರು. ವ್ಯಾಕರಣದ ಮಾತಿನಲ್ಲಿ ಕ್ಷ ಬರಿಯ ಸಂಯುಕ್ತಾಕ್ಷರ. ಆದರೂ ವರ್ಣಮಾಲೆಯ ಕೊನೆಯಲ್ಲಿ ಮಕ್ಕಳು ಅದನ್ನು ಹಾಡಿಯೇ ಹಾಡುತ್ತಾರೆ. ಧ್ವನಿಯೂ ಹೊಂದಿತು, ಕೊನೆಯ ಅಕ್ಷರವೆಂಬ ನಿಗೂಢತೆಯೂ ಉಳಿಯಿತು. ನನಗಂತೂ ಈ ಅನುವಾದ ಮೂಲಕ್ಕಿಂತ ಸೊಗಸಾಗಿ ತೋರುತ್ತದೆ.

ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್ ಪಟ್ಟಣದ ದಂತವೈದ್ಯ ಓಟ್ಟೋ ವಾಲ್ಕಾಫ್‌ನು ತನ್ನ ಬಾಯನ್ನೇ ಪ್ರಯೋಗಕ್ಕೆ ಒಡ್ಡಿದನು. ಫೋಟೋ ತೆಗೆಯುವ ಗಾಜಿನ ಹಲಗೆಯ ತುಂಡೊಂದನ್ನು ಕಪ್ಪು ಕಾಗದದಲ್ಲಿ ಸುತ್ತಿ, ಎಂಜಲು ತಾಗದಂತೆ ರಬ್ಬರು ಹೊದಿಸಿ, ಬಾಯೊಳಗಿಟ್ಟುಕೊಂಡನು. ಎಷ್ಟು ಹೊತ್ತು? 25 ನಿಮಿಷ. ಅದು ಹಿಂಸೆಯಾಗಿತ್ತೆಂದು ಅವನೇ ಹೇಳಿಕೊಂಡಿದ್ದಾನೆ. ನಾನು ಹದಿನೈದು ಸೆಕೆಂಡು ಸುಮ್ಮನಿರಲಾರದೆ ಕೆಮ್ಮಿದವನು. ಈ ಸಂಗತಿಯನ್ನು ಓದಿ ತಲೆತಗ್ಗಿಸಿದೆ.

ಇಲ್ಲಿ ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕ್ಷ-ಕಿರಣದ ಚಿತ್ರವೆಂದರೆ ನೆರಳು. ಕೈ ಚಪ್ಪಟೆಯಾದುದು, ಹಲಗೆಯ ಮೇಲೆ ಇಟ್ಟರೆ ಮೂಳೆಗಳ ನೆರಳು ಬಿಡಿಬಿಡಿಯಾಗಿ ಬೀಳುತ್ತದೆ. ಕೆಳದವಡೆ ಹಾಗಲ್ಲ. ಅದು ಕುದುರೆಯ ಲಾಳದಂತೆ ಬಾಗಿದ ಮೂಳೆ. ಪಕ್ಕದಿಂದ ನೇರವಾಗಿ ಕಿರಣ ಹಾಯಿಸಿದರೆ ಎಡಬಲಗಳೆರಡೂ ಒಂದರ ಮೇಲೊಂದು ಬಿದ್ದು, ಬಿರುಕು ಯಾವ ಕಡೆಯದೆಂದು ತಿಳಿಯದು. ಮುಂದಿನಿಂದ ಹಾಯಿಸಿದರೆ ಕತ್ತಿನ ಬೆನ್ನೆಲುಬು ಅಡ್ಡ ಬರುತ್ತದೆ. ಇಂದ್ರನ ವಜ್ರಾಯುಧದ ಏಟಿಗೆ ಹನು, ಅಂದರೆ ದವಡೆ, ಮುರಿದುದರಿಂದಲೇ ಆಂಜನೇಯನು ಹನುಮಂತನಾದನೆಂದು ನಾವು ರಾಮಾಯಣದಲ್ಲಿ ಕೇಳಿದ್ದೇವೆ. ಅಂಥ ಮುರಿದ ದವಡೆ ಆಸ್ಪತ್ರೆಗೆ ಬಂದರೆ ವೈದ್ಯರು ಏನು ಮಾಡಬೇಕು?

ಅದಕ್ಕೆ ಕಂಡ ಉಪಾಯ ಕಿರಣವನ್ನು ಬಾಗಿಸುವುದಲ್ಲ, ರೋಗಿಯ ತಲೆಯನ್ನು ಬಾಗಿಸುವುದು. ನೋವಿರುವ ಕಡೆಯ ಕೆನ್ನೆಯನ್ನು ಫಿಲ್ಮಿನ ಪೆಟ್ಟಿಗೆಗೆ ಒತ್ತಿ, ತಲೆಯನ್ನು ಅತ್ತಲೇ ವಾಲಿಸಿ, ಗದ್ದವನ್ನು ಮುಂದಕ್ಕೆ ಚಾಚಿಸುತ್ತಾರೆ. ಎದುರು ಬದಿಯ ದವಡೆಯ ಕೋನದ ಕೆಳಗಿನಿಂದ ಕಿರಣವನ್ನು ಓರೆಯಾಗಿ ಬಿಡುತ್ತಾರೆ. ತಲೆ ವಾಲಿದುದರಿಂದ ಒಳ್ಳೆಯ ಬದಿಯ ನೆರಳು ಮೇಲಕ್ಕೆ ಸರಿಯುತ್ತದೆ. ಗದ್ದ ಚಾಚಿದುದರಿಂದ ಬೆನ್ನೆಲುಬಿನ ನೆರಳು ಹಿಂದುಳಿಯುತ್ತದೆ. ನಡುವೆ ಬೇಕಾದ ಮೂಳೆ ಒಂದೇ ನಿಲ್ಲುತ್ತದೆ. ಎಷ್ಟು ಸುಲಭ! ಆದರೆ ದವಡೆ ಮುರಿದವನಿಗೆ ಗದ್ದ ಚಾಚುವುದು ಸುಲಭವಲ್ಲ. ಆಗ ಅವನನ್ನು ಮಲಗಿಸಿ, ಯಂತ್ರವನ್ನೇ ಅವನ ಸುತ್ತ ಹೊಂದಿಸಬೇಕಾಗುತ್ತದೆ.

ಬಿಡಿ ಹಲ್ಲಿನ ಚಿತ್ರಕ್ಕೆ ಬೇರೆ ತೊಡಕು. ಸಂಜೆಯ ಬಿಸಿಲಿನಲ್ಲಿ ನಿಮ್ಮ ನೆರಳು ನಿಮಗಿಂತ ಉದ್ದವಾಗುವುದಲ್ಲವೆ? ಹಾಗೆಯೇ ಹಲ್ಲಿಗೆ ಫಿಲ್ಮು ಓರೆಯಾಗಿದ್ದರೆ ಬೇರಿನ ನೆರಳು ಹಿಗ್ಗಿಯೋ ಕುಗ್ಗಿಯೋ ಕಾಣುತ್ತದೆ. ಹಲ್ಲಿಗೂ ಫಿಲ್ಮಿಗೂ ನಡುವಣ ಕೋನವನ್ನು ಅರ್ಧಿಸುವ ಒಂದು ಗೆರೆಯನ್ನು ಊಹಿಸಿಕೊಂಡು, ಆ ಗೆರೆಗೆ ಲಂಬವಾಗಿ ಕಿರಣ ಬಿಟ್ಟರೆ ನೆರಳಿನ ಉದ್ದ ಹಲ್ಲಿನ ಉದ್ದಕ್ಕೆ ಸಮನಾಗುತ್ತದೆಂದು 1907ರಲ್ಲಿ ತೋರಿಸಿಕೊಟ್ಟವನು ಪೋಲೆಂಡಿನ ಆಂಟೊನಿ ಚೆಶಿನ್ಸ್ಕಿ. ಪ್ರೌಢಶಾಲೆಯ ರೇಖಾಗಣಿತ ಇಷ್ಟು ಜನರ ಬಾಯೊಳಗೆ ಹೋಗಿ ಕೆಲಸ ಮಾಡಿದೆಯೆಂದು ನಮ್ಮ ಶಾಲೆಯ ಗಣಿತದ ಮೇಷ್ಟರಿಗೆ ಹೇಳಿದೆ; ಅವರಿಗೆ ಬಹಳ ಸಂತೋಷವಾಯಿತು. ಚೆಶಿನ್ಸ್ಕಿಯ ಕೊನೆಯನ್ನು ಹೇಳಿದಾಗ ಮಾತ್ರ ಇಬ್ಬರೂ ಸುಮ್ಮನಾದೆವು. 1941ರ ಜುಲೈಯಲ್ಲಿ ಲ್ವೂಫ್ ನಗರವನ್ನು ಹಿಡಿದ ನಾಜಿಗಳು ಅಲ್ಲಿನ ಪ್ರಾಧ್ಯಾಪಕರನ್ನು ಮನೆಗಳಿಂದ ಎಳೆದು ತಂದು ಗುಂಡಿಟ್ಟು ಕೊಂದರು. ಅವರಲ್ಲಿ ಇವನೂ ಒಬ್ಬ.

ಇನ್ನೊಬ್ಬನ ಕಥೆ ಇದಕ್ಕಿಂತ ನಿಧಾನವಾದುದು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯನಿದ್ದನು. 1896ರಿಂದಲೇ ಅವನು ರೋಗಿಗಳ ಹಲ್ಲುಗಳ ಚಿತ್ರ ತೆಗೆಯತೊಡಗಿದನು. ಬಾಯೊಳಗೆ ಫಿಲ್ಮು ಅಲುಗದಂತೆ ಹಿಡಿಕೆಯೊಂದನ್ನು ಮಾಡಿಕೊಂಡನು. ಆ ಕಾಲದ ಕಿರಣನಳಿಗೆಗಳಲ್ಲಿ ಅಲ್ಪಸ್ವಲ್ಪ ಅನಿಲ ಇರುತ್ತಿತ್ತು. ಅದರ ಪ್ರಮಾಣ ಬದಲಾದಂತೆ ಕಿರಣದ ಬಲವೂ ದಿನಕ್ಕೊಂದು ಬಗೆ. ಇಂದು ಎಷ್ಟು ಬಲವಿದೆಯೆಂದು ತಿಳಿಯುವುದು ಹೇಗೆ? ಕೆಲ್ಸ್‌ನು ರೋಗಿಯ ಮೇಲೆ ಪರೀಕ್ಷೆ ಮಾಡಲಿಲ್ಲ. ಪ್ರತಿ ಸಲವೂ ತನ್ನ ಕೈಯನ್ನೇ ನಳಿಗೆಯ ಮುಂದೆ ಚಾಚಿ, ಹೊಳೆಯುವ ತೆರೆಯಲ್ಲಿ ಮೂಳೆಗಳು ಎಷ್ಟು ಸ್ಪಷ್ಟವಾಗಿ ಕಾಣುತ್ತವೆಂದು ನೋಡಿ ಹದಗೊಳಿಸುತ್ತಿದ್ದನು. ಹೀಗೆ ವರ್ಷಾನುವರ್ಷ ನಡೆಯಿತು. 1913ರಲ್ಲಿ ಕೂಲಿಡ್ಜ್‌ನ ಹೊಸ ನಳಿಗೆ ಬಂದು, ಕಿರಣವನ್ನು ಬೇಕಾದಷ್ಟಕ್ಕೆ ಸ್ಥಿರವಾಗಿ ನಿಲ್ಲಿಸುವುದು ಸಾಧ್ಯವಾಯಿತು. ಕೈಯೊಡ್ಡುವ ಅಗತ್ಯ ತಪ್ಪಿತು. ಆದರೆ ಕೆಲ್ಸ್‌ನ ಕೈಗೆ ಆಗಬೇಕಾದ ಕೇಡು ಅಷ್ಟರಲ್ಲಿ ಆಗಿಹೋಗಿತ್ತು. ಹುಣ್ಣು ಅರ್ಬುದವಾಯಿತು. ಮೊದಲು ಬೆರಳುಗಳು ಹೋದುವು, ಅನಂತರ ಕೈ, ಆಮೇಲೆ ತೋಳು. ನೋವನ್ನು ತಾಳಲಾರದೆ 1928ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು.

ಎಚ್ಚರಿಕೆ ಹೇಳುವವರು ಇರಲಿಲ್ಲವೆ? ಇದ್ದರು. ಬಾಸ್ಟನ್ನಿನ ವಿಲಿಯಂ ರೋಲಿನ್ಸ್ ಎಂಬ ದಂತವೈದ್ಯನು 1898ರಲ್ಲಿ ತನ್ನ ಕೈ ಸುಟ್ಟುಕೊಂಡ ಮೇಲೆ ಈ ಕಿರಣಗಳನ್ನು ನಂಬಲಿಲ್ಲ. ಅವು ಗಿನಿಯಿಲಿಗಳನ್ನು ಕೊಲ್ಲಬಲ್ಲವೆಂದು 1901ರಲ್ಲಿ ಪ್ರಯೋಗದಿಂದ ತೋರಿಸಿದನು. ನಳಿಗೆಯ ಸುತ್ತ ಸೀಸದ ಗೂಡು ಕಟ್ಟಿ, ರೋಗಿಯ ಮೈಯನ್ನು ಮುಚ್ಚಿ, ಬೇಕಾದಷ್ಟೇ ಜಾಗಕ್ಕೆ ಕಿರಣ ಬಿಡಿರೆಂದು ಬರೆದನು. ಬಹಳ ಕಾಲ ಅದನ್ನು ಕಿವಿಯ ಮೇಲೆ ಹಾಕಿಕೊಂಡವರು ಕಡಮೆ.

ನಾನು ಮುಂದೆ ನಿಂತ ಆ ಸುತ್ತುವ ಯಂತ್ರ, ನಮ್ಮ ಊರುಗಳಲ್ಲಿ ಎಲ್ಲರೂ 'ಓ.ಪಿ.ಜಿ.' ಎನ್ನುವುದು, ಫಿನ್‌ಲೆಂಡಿನ ಇರ್ಯೊ ಪಾಟೆರೊ ಎಂಬ ದಂತವೈದ್ಯನ ಸಾಧನೆ. ಜಪಾನಿನ ನುಮಾಟ ಎಂಬವನು 1933ರಲ್ಲಿಯೇ ಅಂಥದೊಂದನ್ನು ಯೋಚಿಸಿದ್ದುಂಟು. ಲಾಳದಂತೆ ಬಾಗಿದ ಮೂಳೆಯನ್ನು ಒಂದೇ ಕಡೆಯಿಂದ ನೋಡುವ ಬದಲು ಅದರ ಸುತ್ತ ನಡೆದು ನೋಡಬಾರದೇಕೆ ಎಂಬುದು ಪಾಟೆರೊನ ಪ್ರಶ್ನೆ. ಕಿರಣವನ್ನು ಕಿರಿದಾದ ಸೀಳಿನಿಂದ ಬಿಟ್ಟು, ಮೊದಮೊದಲು ರೋಗಿಯನ್ನೇ ಕುರ್ಚಿಯ ಸಮೇತ ತಿರುಗಿಸುತ್ತಿದ್ದನು. ಮುಂದೆ ರೋಗಿ ನಿಂತಲ್ಲೇ ನಿಂತು, ನಳಿಗೆಯೂ ಫಿಲ್ಮೂ ಅವನಿಗೆ ಪ್ರದಕ್ಷಿಣೆ ಬರುವಂತಾಯಿತು. 1963ರಲ್ಲಿ ಅವನು ತೀರಿಕೊಂಡನು.

ಈ ಯಂತ್ರಕ್ಕೆ ಸ್ಪಷ್ಟವಾಗಿ ಕಾಣುವುದು ಲಾಳದ ಆಕಾರದ ಒಂದು ಕಿರಿದಾದ ಪಟ್ಟಿ ಮಾತ್ರ. ಹಲ್ಲುಗಳು ಅದರೊಳಗೇ ಇರಬೇಕೆಂದು ಕಡ್ಡಿ ಕಚ್ಚಿಸುವುದು. ಗದ್ದ ಅತಿಯಾಗಿ ತಗ್ಗಿದರೆ ಚಿತ್ರದಲ್ಲಿ ಹಲ್ಲಿನ ಸಾಲು ಹಲ್ಲುಕಿರಿದಂತೆ ಬಾಗುತ್ತದೆ; ಅತಿಯಾಗಿ ಎದ್ದರೆ ಮುಖ ಗಂಟಿಕ್ಕಿದಂತೆ ಆಗುತ್ತದೆ. ಬೆನ್ನು ಗೂನಾದರೆ ಬೆನ್ನೆಲುಬಿನ ಬೆಳ್ಳನೆಯ ನೆರಳು ಮುಂದಿನ ಹಲ್ಲುಗಳನ್ನು ಮುಚ್ಚುತ್ತದೆ. ನಾಲಿಗೆ ಅಂಗುಳಕ್ಕೆ ಅಂಟದಿದ್ದರೆ ನಡುವಣ ಗಾಳಿ ಕರಿಯ ಪಟ್ಟಿಯಾಗಿ ಮೇಲಿನ ಬೇರುಗಳ ಮೇಲೆ ಬೀಳುತ್ತದೆ. ಓಲೆಯದಂತೂ ವಿಚಿತ್ರ: ಬಲಗಿವಿಯ ಓಲೆ ಎಡಗಡೆ, ಇನ್ನೂ ಸ್ವಲ್ಪ ಮೇಲೆ, ದೆವ್ವದಂತೆ ಮಸುಕಾಗಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ತಾಳಿಯನ್ನು ತೆಗೆಯಲು ಹಿಂಜರಿಯುವ ಹೆಂಗಸರಿಗೆ ಕಾರಣವನ್ನು ಹೀಗೆ ಬಿಡಿಸಿ ಹೇಳಿದರೆ ಒಪ್ಪಿಯಾರೆಂದು ನನ್ನ ನಂಬಿಕೆ. ಸುಮ್ಮನೆ 'ತೆಗೆಯಿರಿ' ಎಂದರೆ ಯಾರಿಗಾದರೂ ಕಸಿವಿಸಿಯೇ.

ಎರಡನೆಯ ಸಲ ನಾನು ಕೆಮ್ಮಲಿಲ್ಲ. ಕೆಳದವಡೆಯ ಮೂಲೆಯಲ್ಲಿ ಬುದ್ಧಿಹಲ್ಲು ಅಡ್ಡಡ್ಡವಾಗಿ ಮಲಗಿತ್ತು. ಅದರ ಬೇರಿನ ಕೆಳಗೇ ತುಟಿಗೆ ಹೋಗುವ ನರದ ಕಾಲುವೆ ಎರಡು ಬಿಳಿಯ ಗೆರೆಗಳ ನಡುವೆ ಹರಿದಿತ್ತು. ಎಷ್ಟು ಜಾಗ ಉಳಿದಿದೆಯೆಂದು ವೈದ್ಯರು ಪೆನ್ನಿನ ತುದಿಯಿಂದ ತೋರಿಸಿದರು. ಹೊರಗೆ ಬಂದಾಗ ಇನ್ನೊಬ್ಬರ ಸರದಿ. ಹುಡುಗಿ ಅವರ ಗದ್ದವನ್ನು ಸರಿಪಡಿಸಿ, ನಾಲಿಗೆಯ ಮಾತು ಹೇಳಿ, ಗೋಡೆಯ ಹಿಂದೆ ಹೋಗಿ ನಿಂತು, ಅಲ್ಲಿಂದ ಗುಂಡಿ ಒತ್ತಿದಳು.