ವಿಕಿಪೀಡಿಯದ ಪುಟವಿನ್ಯಾಸ ಮತ್ತು ಕನ್ನಡ ಓದುಗ

ವಿಕಿಮೀಡಿಯ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆ ನಡೆಸುವ ಮುಕ್ತ ವಿಶ್ವಕೋಶದ ಪುಟಗಳನ್ನು ಓದಲು, ಹುಡುಕಲು ಮತ್ತು ತಿದ್ದಲು ಸುಲಭವಾಗುವಂತೆ ಅಣಿಗೊಳಿಸುವ ಕೆಲಸವೇ ವಿಕಿಪೀಡಿಯದ ಪುಟವಿನ್ಯಾಸ. ಸಂಸ್ಥೆ ಸ್ಥಾಪನೆಯಾದದ್ದು 2003ರಲ್ಲಿ. ಕನ್ನಡ ವಿಕಿಪೀಡಿಯ ಆರಂಭವಾದದ್ದೂ ಅದೇ ವರ್ಷ. ಇದರಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಜಾಹೀರಾತಿಲ್ಲದೆ ದೇಣಿಗೆಯಿಂದ ನಡೆಯುವ ತಾಣವಾದ್ದರಿಂದ, ಓದುಗನಿಗೆ ಬೇಕಾದದ್ದು ಬೇಗ ಸಿಗುವುದೇ ಇದರ ವಿನ್ಯಾಸದ ನಿಜವಾದ ಅಳತೆಗೋಲು.

ವಿನ್ಯಾಸದ ಬೆಳವಣಿಗೆ

2004ರಿಂದ ಬಳಕೆಯಲ್ಲಿದ್ದ ಮೊನೊಬುಕ್ ವಿನ್ಯಾಸದ ಜಾಗಕ್ಕೆ 2010ರಲ್ಲಿ ವೆಕ್ಟರ್ ಬಂತು. 2019ರಲ್ಲಿ ಆರಂಭವಾದ ಸುಧಾರಣಾ ಯೋಜನೆಯ ಫಲವಾಗಿ ವೆಕ್ಟರ್ 2022 ರೂಪುಗೊಂಡಿತು. ಇಂಗ್ಲಿಷ್ ವಿಕಿಪೀಡಿಯ 2023ರ ಜನವರಿಯಲ್ಲಿ ಇದನ್ನು ಅಳವಡಿಸಿಕೊಂಡಿತು. ಸಾಲುಗಳು ಪರದೆಯ ಉದ್ದಗಲಕ್ಕೂ ಹರಡದಂತೆ ಇದರಲ್ಲಿ ಅವುಗಳಿಗೆ ಮಿತಿ ಹಾಕಲಾಗಿದೆ. ಪರಿವಿಡಿ ಪಕ್ಕದಲ್ಲೇ ನಿಲ್ಲುತ್ತದೆ. ಹುಡುಕಿದಾಗ ಹೆಸರಿನ ಜೊತೆಗೆ ಚಿತ್ರ ಮತ್ತು ಕಿರುವಿವರ ಕಾಣುತ್ತವೆ. ಮೊಬೈಲಿಗೆ ಬೇರೆಯೇ ವಿನ್ಯಾಸವಿದೆ. ಅಲ್ಲಿ ವಿಭಾಗಗಳು ಮಡಚಿಕೊಂಡಿದ್ದು, ಶೀರ್ಷಿಕೆ ಮುಟ್ಟಿದರೆ ತೆರೆದುಕೊಳ್ಳುತ್ತವೆ.

ಅಕ್ಷರ ಮತ್ತು ಕೀಲಿಮಣೆ

ಕನ್ನಡ ತಾಣದ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಅದರ ಅಕ್ಷರ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದ ಕಾಲವಿತ್ತು. ಪುಟದ ಜೊತೆಗೇ ಫಾಂಟ್ ಕಳಿಸುವ ಜಾಲಫಾಂಟ್ ಸೌಲಭ್ಯ ಈ ತೊಡಕನ್ನು ನೀಗಿತು; ಕನ್ನಡಕ್ಕೆ ಲೋಹಿತ್ ಮತ್ತು ಗುಬ್ಬಿ ಫಾಂಟುಗಳು ದೊರೆತವು. ಬರೆಯುವವರು ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಅಥವಾ ಕೆಜಿಪಿ ಕೀಲಿಮಣೆ ವಿನ್ಯಾಸವನ್ನು ತಾಣದಲ್ಲೇ ಆಯ್ದುಕೊಳ್ಳಬಹುದು.

'ರಾಷ್ಟ್ರ'ದಂಥ ಪದದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಎಡೆ ಸಾಲದಿದ್ದರೆ ಒತ್ತು ಕೆಳಸಾಲಿನ ಗುಣಿತಕ್ಕೆ ತಗಲುತ್ತದೆ. ಪುಟದಲ್ಲಿ ಒತ್ತುವ ಗುಂಡಿಗಳ (ಬಟನ್) ಮೇಲಂತೂ ಒತ್ತಕ್ಷರ ಅರ್ಧ ಕತ್ತರಿಸಿಯೇ ಹೋಗುತ್ತದೆ. 2018ರ ಅಂತರರಾಷ್ಟ್ರೀಯ ಸುಲಭಲಭ್ಯತಾ ಮಾರ್ಗಸೂಚಿಯ ಪ್ರಕಾರ, ಓದುಗ ಸಾಲಂತರವನ್ನು ಅಕ್ಷರದ ಗಾತ್ರದ 1.5 ಪಟ್ಟಿಗೆ ಏರಿಸಿಕೊಂಡರೂ ಪುಟದ ಯಾವ ಭಾಗವೂ ಕಳೆದುಹೋಗಬಾರದು. ಕನ್ನಡದ ಮಟ್ಟಿಗೆ ಈ ನಿಯಮ ಬಹಳ ಬೆಲೆಯುಳ್ಳದ್ದು.

ರೋಣ, ನರಗುಂದ, ಗಜೇಂದ್ರಗಡದ ನಿದರ್ಶನ

ಒಳ್ಳೆಯ ವಿನ್ಯಾಸದ ಬೆಲೆ ಊರಿನ ಮಾಹಿತಿ ಹುಡುಕುವಾಗ ತಿಳಿಯುತ್ತದೆ. ಗದಗ ಜಿಲ್ಲೆಯ ಈ ಮೂರು ಊರುಗಳೇ ಇದಕ್ಕೆ ಉದಾಹರಣೆ. 'ನರಗುಂದ ಬಂಡಾಯ' ಎಂದರೆ ಬ್ರಿಟಿಷರ ವಿರುದ್ಧ 1858ರಲ್ಲಿ ಬಾಬಾಸಾಹೇಬ ಭಾವೆ ಎದ್ದು ನಿಂತದ್ದೂ ಹೌದು, 1980ರ ರೈತ ಹೋರಾಟವೂ ಹೌದು. ಇಂಥ ಕಡೆ 'ದ್ವಂದ್ವ ನಿವಾರಣೆ' ಪುಟ ಎರಡೂ ದಾರಿಗಳನ್ನು ತೋರಿಸಬಲ್ಲದು. ಗಜೇಂದ್ರಗಡವನ್ನು 'ಗಜೇಂದ್ರಗಢ' ಎಂದೂ ಬರೆಯುತ್ತಾರೆ. ಯಾವ ರೂಪ ಹೊಡೆದರೂ ಒಂದೇ ಲೇಖನಕ್ಕೆ ಒಯ್ಯಲು ಪುನರ್ನಿರ್ದೇಶನವಿದೆ.

ಆಡಳಿತದ ಗಡಿಗಳೂ ಬದಲಾಗಿವೆ. 1997ರಲ್ಲಿ ಗದಗ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟಿತು. ಆಮೇಲೆ ರೋಣ ತಾಲ್ಲೂಕಿನಿಂದ ಗಜೇಂದ್ರಗಡ ತಾಲ್ಲೂಕು ರಚನೆಯಾಯಿತು. ಹಳೆಯ ವಿವರ ಹಾಗೇ ಉಳಿದರೆ ಎಷ್ಟು ಚಂದದ ಪುಟವೂ ಓದುಗನ ದಾರಿ ತಪ್ಪಿಸುತ್ತದೆ. ಆದ್ದರಿಂದ 'ಸಂಪಾದಿಸಿ' ಎಂಬ ಕೊಂಡಿ ಎದ್ದು ಕಾಣುವುದು ವಿನ್ಯಾಸದ ಮುಖ್ಯ ಭಾಗ.

ಸಮುದಾಯದ ಪಾತ್ರ

ತಾಣದ ಚೌಕಟ್ಟು ಸಂಸ್ಥೆಯದು, ಪುಟದ ಒಳಗಿನ ಅಚ್ಚುಕಟ್ಟು ಸ್ವಯಂಸೇವಕರದು. ಕನ್ನಡ ಸಂಪಾದಕರು ಇಂಥ ವಿಷಯಗಳನ್ನು 'ಅರಳಿ ಕಟ್ಟೆ' ಎಂಬ ಚರ್ಚಾಪುಟದಲ್ಲಿ ಮಾತಾಡಿಕೊಳ್ಳುತ್ತಾರೆ. ತಿಳಿಯಾದ ಉಪಶೀರ್ಷಿಕೆ, ಚಿತ್ರಕ್ಕೆ ದೃಷ್ಟಿಹೀನರ ಓದುಯಂತ್ರ ಉಚ್ಚರಿಸಬಲ್ಲ ವಿವರಣೆ, ಮೊಬೈಲಿನಲ್ಲಿ ಪಕ್ಕಕ್ಕೆ ಸರಿಸದೆ ಓದಬಹುದಾದ ಕಿರಿದಾದ ಕೋಷ್ಟಕ, ಇವಕ್ಕೆ ತಂತ್ರಜ್ಞರೇ ಬೇಕಿಲ್ಲ. ತನ್ನ ಊರನ್ನು ಬಲ್ಲ ಯಾವ ಓದುಗನೂ ಇವನ್ನು ಮಾಡಬಹುದು, ಮಾಡಬೇಕು.