ಹನ್ನೊಂದು ಅಂಕಿಗಳ ಹಾರ: 12345654321

12345654321 ಎಂಬ ಸಂಖ್ಯೆಗೆ ಭಾರತೀಯ ಗಣಿತದ ಇತಿಹಾಸದಲ್ಲಿ ವಿಶಿಷ್ಟ ಸ್ಥಾನವಿದೆ. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥದಲ್ಲಿ ಇದನ್ನು ಒಂದರಿಂದ ಮೊದಲ್ಗೊಂಡು ಆರರವರೆಗೆ ಏರಿ, ಅನಂತರ ಕ್ರಮವಾಗಿ ಇಳಿಯುವ ಸಂಖ್ಯೆಯೆಂದು ವರ್ಣಿಸಿದ್ದಾರೆ.

ಸ್ಥಾನಮೌಲ್ಯ

ಏಕದಿಂದ ಮಹಾಕ್ಷೋಭದವರೆಗೆ ಆಚಾರ್ಯರು 24 ಸ್ಥಾನಗಳನ್ನು ಹೆಸರಿಸಿದ್ದಾರೆ. ಆ ಗಣನೆಯಂತೆ ಈ ಸಂಖ್ಯೆಯ ಎಡತುದಿಯ 1 ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿದೆ. ಇಂದಿನ ರೂಢಿಯಲ್ಲಿ ಇದು 1,234 ಕೋಟಿ 56 ಲಕ್ಷ 54 ಸಾವಿರದ 321.

ಗುಣವಿಶೇಷಗಳು

ಎಡದಿಂದ ಓದಿದರೂ ಬಲದಿಂದ ಓದಿದರೂ ಈ ಸಂಖ್ಯೆ ಒಂದೇ. ಇದು 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತದೆ. ಕೂಡುವಾಗ ಯಾವ ಕಂಬಸಾಲಿನ ಮೊತ್ತವೂ 6ನ್ನು ಮೀರುವುದಿಲ್ಲ. ಮುಂದಿನ ಸ್ಥಾನಕ್ಕೆ ಏನನ್ನೂ ಒಯ್ಯಬೇಕಾಗಿಲ್ಲ. ಆದ್ದರಿಂದಲೇ ಏರಿಳಿತದ ಈ ಚೆಲುವು ಕೆಡದೆ ಉಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಇದೇ ನಿಯಮ ನಡೆದು 12345678987654321 ದೊರೆಯುತ್ತದೆ. ಹತ್ತು ಒಂದುಗಳ ವರ್ಗವಾದರೋ 1234567900987654321; ಅಲ್ಲಿ ಹಾರದ ಸೂತ್ರ ಕಡಿಯುತ್ತದೆ.

111111 = 3 × 7 × 11 × 13 × 37. ಅದರ ವರ್ಗದಲ್ಲಿ ಈ ಐದು ಅವಿಭಾಜ್ಯಗಳೂ ಎರಡೆರಡು ಬಾರಿ ಬರುವುದರಿಂದ, ನಮ್ಮ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243. ಇದನ್ನು 441 × 27994681 ಎಂದೂ ಬರೆಯಬಹುದು. ಈ ಎರಡೂ ಕ್ರಮವಾಗಿ 21 ಮತ್ತು 5291ರ ವರ್ಗಗಳು. ಅಂಕಿಗಳ ಮೊತ್ತವಾದ 36 ಕೂಡ ವರ್ಗಸಂಖ್ಯೆಯೇ.

ಇಂತಹ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 142857143 × 7 = 1000000001 ಎಂಬುದು ಅವರ ‘ರಾಜಕಂಠಿಕೆ’. ಸೊಗಸಿನ ಜೊತೆಗೆ ಇಲ್ಲಿ ಪ್ರಯೋಜನವೂ ಉಂಟು. ಲೆಕ್ಕದಲ್ಲಾಗಲಿ ಪ್ರತಿ ಮಾಡುವಾಗಲಾಗಲಿ ಒಂದು ಅಂಕಿ ತಪ್ಪಿದರೂ ಹಾರದ ಕ್ರಮ ಕೆಟ್ಟು, ದೋಷ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಓಲೆಗರಿಯ ಪ್ರತಿಗಳಲ್ಲಿ ಶತಮಾನಗಳನ್ನು ದಾಟಿಬಂದ ಗ್ರಂಥಕ್ಕೆ ಇದು ಸಣ್ಣ ರಕ್ಷೆಯಲ್ಲ.

ಚೆನ್ನೈ ನಂಟು

ಈ ಗ್ರಂಥ ಅಚ್ಚಿನ ಬೆಳಕು ಕಂಡದ್ದು ನಮ್ಮ ನಗರದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರೂ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಪರಿಶೋಧಿಸಿ, ಇಂಗ್ಲಿಷ್ ಅನುವಾದ ಹಾಗೂ ಟಿಪ್ಪಣಿಗಳೊಡನೆ ಸಿದ್ಧಪಡಿಸಿದ ಆವೃತ್ತಿಯನ್ನು 1912ರಲ್ಲಿ ಮದರಾಸು ಸರ್ಕಾರಿ ಮುದ್ರಣಾಲಯ ಪ್ರಕಟಿಸಿತು. ಅದಕ್ಕೆ ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅವರ ಪೀಠಿಕೆಯಿದೆ. 2000ದಲ್ಲಿ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಈ ಕೃತಿ ಹೊಂಬುಜದಿಂದ ಪ್ರಕಟವಾಯಿತು. ತಮಿಳುನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಕನ್ನಡ ನಾಡಿನ ಈ ಗಣಿತಸಂಪತ್ತನ್ನು ಇಂದು ತಾಯ್ನುಡಿಯಲ್ಲೇ ಓದಬಹುದು. 111111ನ್ನು ಅದರಿಂದಲೇ ಗುಣಿಸಿ, ಹಾರ ಮೂಡುವುದನ್ನು ಸ್ವತಃ ಕಾಣಬಹುದು.