ದವಡೆಯ ಕೀಲು

ನಮ್ಮ ಬಬಲೇಶ್ವರದ ಕಡೆ ಹನುಮಪ್ಪನ ಗುಡಿಯಿಲ್ಲದ ಹಳ್ಳಿ ಅಪರೂಪ. ಇಂದ್ರನ ವಜ್ರಾಯುಧ ತಗುಲಿ ದವಡೆ ಮುರಿದುದರಿಂದ ಆ ಬಾಲಕನಿಗೆ ಹನುಮಂತನೆಂಬ ಹೆಸರು ಬಂತು, ‘ಹನು’ ಎಂದರೆ ದವಡೆ ಎಂದು ವಿಜಯಪುರದ ಕಾಲೇಜಿನಲ್ಲಿ ವರ್ಷವರ್ಷವೂ ಹೇಳುತ್ತಿದ್ದ ನನಗೆ ಆ ಶಬ್ದದ ಭಾರ ತಿಳಿದದ್ದು 1998ರಲ್ಲಿ. ಒಂದು ಮುಂಜಾನೆ ಹಾಜರಿ ಕೂಗಲು ಹೋದರೆ ಬಾಯಿ ಒಂದು ಬೆರಳಿನಷ್ಟು ತೆರೆದು ನಿಂತುಬಿಟ್ಟಿತು. ಕಿವಿಯ ಮುಂದಿನ ಕೀಲಿನಲ್ಲಿ ಸಹಿಸಲಾಗದ ನೋವು. ಪಾಠ ಹೇಳಿ ಬದುಕುವವನಿಗೆ ಇದಕ್ಕಿಂತ ದೊಡ್ಡ ಅಂಜಿಕೆ ಯಾವುದು?

ಬೇನೆ ಹಳೆಯದು. ಜಾರಿದ ದವಡೆಗೆ ಶಾಖ ಕೊಟ್ಟು, ಕೀಲನ್ನು ಸ್ವಸ್ಥಾನದಲ್ಲಿ ಕೂರಿಸಿ, ಪಂಚಾಂಗೀ ಎಂಬ ಐದು ತುದಿಗಳ ಪಟ್ಟಿ ಕಟ್ಟಬೇಕೆನ್ನುತ್ತಾನೆ ಸುಶ್ರುತ. ಬಿಗಿದ ದವಡೆಯನ್ನು ಚರಕಸಂಹಿತೆ ‘ಹನುಗ್ರಹ’ವೆಂದು ವಾತರೋಗಗಳಲ್ಲಿ ಸೇರಿಸಿದೆ. ಈ ದೇಶದ ವೈದ್ಯವನ್ನು ಪಾರ್ಸಿಯಲ್ಲಿ ಬರೆದಿಟ್ಟವನೊಬ್ಬ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ವಿಜಯಪುರದಲ್ಲಿಯೇ ಇದ್ದ; ಇತಿಹಾಸಕಾರನೆಂದಷ್ಟೇ ನಾವು ಬಲ್ಲ ಫಿರಿಶ್ತಾ. ಊರಿನ ಅಭಿಮಾನ, ಕೇಳುಗರು ಕ್ಷಮಿಸಬೇಕು.

ಆಧುನಿಕರ ಕಥೆ ಅಷ್ಟು ಸೌಮ್ಯವಲ್ಲ. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕಿವಿ-ಮೂಗು ವೈದ್ಯ ಜೇಮ್ಸ್ ಕಾಸ್ಟೆನ್, 11 ರೋಗಿಗಳನ್ನು ಪರೀಕ್ಷಿಸಿ, ಹಲ್ಲುಗಳ ಜೋಡಣೆ ಕೆಟ್ಟು ಕೀಲಿನ ಮೇಲೆ ಒತ್ತಡ ಬೀಳುವುದೇ ಮೂಲವೆಂದ. ಆಮೇಲೆ ದಶಕಗಳ ಕಾಲ ಎಲ್ಲರ ಕಣ್ಣೂ ಹಲ್ಲಿನ ಮೇಲೆ. 1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಲಾಸ್ಲೋ ಶ್ವಾರ್ಟ್ಸ್, ಸ್ನಾಯುಗಳ ಬಿಗಿತವನ್ನೂ ರೋಗಿಯ ಮನಸ್ಸನ್ನೂ ನೋಡಬೇಕೆಂದು ವಾದಿಸಿದ. ಆ ಮಾತು ನನ್ನವರೆಗೆ ಬರಲು ನಲವತ್ತು ವರ್ಷಗಳೂ ಸಾಲಲಿಲ್ಲ. ಅಷ್ಟರಲ್ಲಿ ಒಬ್ಬ ದಂತವೈದ್ಯರು ನನ್ನ ಎರಡು ಗಟ್ಟಿ ಹಲ್ಲುಗಳನ್ನು ಕಿತ್ತಿದ್ದರು. ಹಲ್ಲು ಹೋದುವು, ನೋವು ಉಳಿಯಿತು. ಆ ಸಿಟ್ಟು ಇಂದಿಗೂ ಆರಿಲ್ಲ.

ರೋಗದ ಎಳೆ ಸಿಕ್ಕಿದ್ದು ತಿಕೋಟಾದಲ್ಲಿ, ರಜೆಗೆಂದು ಅಕ್ಕನ ಮನೆಗೆ ಹೋದಾಗ. “ರಾತ್ರಿಯೆಲ್ಲಾ ಹಲ್ಲ ಕಡೀತಿ ತಮ್ಮಾ, ಯಾರ ಮ್ಯಾಲಿನ ಸಿಟ್ಟದು?” ಎಂದಳು. ಆಮೇಲೆ ಕಂಡ ವೈದ್ಯರೂ ಅದನ್ನೇ ಎತ್ತಿಕೊಂಡರು: ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದಿರಲಿ, ಬಿಸಿಬಟ್ಟೆಯ ಶಾಖ, ಮೆಲ್ಲನೆ ಬಾಯಿ ತೆರೆಯುವ ಅಭ್ಯಾಸ, ರಾತ್ರಿ ಹಲ್ಲಿನ ಮೇಲೊಂದು ಕವಚ. ಶಾಖವೆಂದಾಗ ಸುಶ್ರುತ ನೆನಪಾದ. ಅಕ್ಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ ಕೊಡುತ್ತಿದ್ದಳು. ಆ ದ್ರಾಕ್ಷಿಯ ಸೀಮೆಯಲ್ಲಿ ನನಗೆ ಒಣದ್ರಾಕ್ಷಿಯೂ ನೀರಲ್ಲಿ ನೆನೆದೇ ಬರಬೇಕು. ಎರಡು ವರ್ಷ ಹಿಡಿಯಿತು. ನಡುವೆ ಎರಡು ಸಲ ಮರುಕಳಿಸಿತು, ಎರಡೂ ಉತ್ತರಪತ್ರಿಕೆ ನೋಡುವ ದಿನಗಳಲ್ಲಿ.

ಚಳಿಗೆ ಈಗಲೂ ಕೀಲು ಟಕ್ಕೆನ್ನುತ್ತದೆ. ಆದರೂ ಎಳ್ಳಮಾವಾಸ್ಯೆಗೆ ಅಕ್ಕನ ಹೊಲದಲ್ಲಿ ಕುಳಿತು ಖಡಕ್ ಸಜ್ಜೆರೊಟ್ಟಿ ಮುರಿಯುತ್ತೇನೆ. ಮೊದಲ ತುತ್ತಿಗೆ ಅವಳು ನನ್ನ ಮುಖವನ್ನೇ ನೋಡುತ್ತಾಳೆ.